ಬೇಕರಿ ಮುಚ್ಚಿದ ಮೇಲೆ ವಿಶ್ವಾಸ ಬೆಳೆಯಬೇಕಿತ್ತಲ್ವಾ?

ಪ್ರಶ್ನೆ: ಅಯ್ಯನವರೇ, ನನಗೆ 47 ವರ್ಷ. 11 ವರ್ಷ ಸ್ವಂತ ಬೇಕರಿ ನಡೆಸಿದೆ. 2020ರ ಲಾಕ್‌ಡೌನ್‌ನಲ್ಲಿ ಬಿದ್ದ ಪೆಟ್ಟಿನಿಂದ ಏಳಲು ಆಗಲೇ ಇಲ್ಲ, ಮರುವರ್ಷ ಬಾಗಿಲು ಹಾಕಿದೆ. ಈಗ ಬೇರೆಯವರ ಬೇಕರಿಯಲ್ಲಿ ಬೆಳಗಿನ ನಾಲ್ಕಕ್ಕೆ ಹಿಟ್ಟು ನಾದುತ್ತೇನೆ. ಚರ್ಚಿನ ಸಭೆಯಲ್ಲಿ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ‘ದೇವರು ಪರೀಕ್ಷೆ ಮಾಡ್ತಾ ಇದ್ದಾರೆ’ ಅಂತ ಒಬ್ಬರು. ‘ದಶಮಾಂಶ, ಅಂದ್ರೆ ಆದಾಯದ ಹತ್ತನೇ ಒಂದು ಪಾಲು, ದೇವರಿಗೆ ಸರಿಯಾಗಿ ಕೊಡ್ತಿದ್ರಾ?’ ಅಂತ ಇನ್ನೊಬ್ಬರು. ‘ಇದರಿಂದ ನಿಮ್ಮ ವಿಶ್ವಾಸ ಬೆಳೆಯುತ್ತೆ’ ಅಂತ ಎಲ್ಲರೂ. ನನಗೆ ಮಾತ್ರ ಏನೂ ಬೆಳೆದ ಹಾಗೆ ಕಾಣುತ್ತಿಲ್ಲ. ಪ್ರಾರ್ಥನೆಗೆ ಕೂತರೆ ಮಾತೇ ಬರುವುದಿಲ್ಲ. ಕಳೆದ ಬೆಳೆಹಬ್ಬದಲ್ಲಿ ಸಭೆಗೆ ಬಂದ ಕಾಣಿಕೆಗಳ ಹರಾಜಿನಲ್ಲಿ ಒಂದು ತೆಂಗಿನಕಾಯಿ ಕೂಗಲೂ ಕೈಯಲ್ಲಿ ದುಡ್ಡಿರಲಿಲ್ಲ. ಆಮೇಲೆ ಆರಾಧನೆಗೆ ಹೋಗಿಲ್ಲ. ಸೊಸೈಟಿ ಸಾಲ ಇನ್ನೂ ಇದೆ. ಎಷ್ಟು ಅಂತ ಹೆಂಡತಿಗೆ ಹೇಳಿಲ್ಲ. ನನ್ನಲ್ಲಿ ಏನು ಕೊರತೆ?
– ಹೆಸರು ಬೇಡ, ಉಡುಪಿ ಜಿಲ್ಲೆ

ಉತ್ತರ: ನಿಮ್ಮ ಕಾಗದ ಎರಡು ಸಲ ಓದಿದೆ. ಎರಡನೇ ಸಲ ಆ ತೆಂಗಿನಕಾಯಿಯ ಹತ್ತಿರ ನಿಂತುಬಿಟ್ಟೆ. ಯಾಕೆಂದರೆ ಸಭಾಪಾಲಕನಾಗಿ ಆ ಹರಾಜನ್ನು ಕೂಗಿ ಕೂಗಿ ನಡೆಸಿದವನು ನಾನು. ಮೂವತ್ತು ರೂಪಾಯಿಯ ಕಾಯಿಯನ್ನು ಎಂಟುನೂರಕ್ಕೆ ಏರಿಸಿ ಚಪ್ಪಾಳೆ ಹೊಡೆಸಿದ್ದೇನೆ. ಹಿಂದಿನ ಬೆಂಚಿನಲ್ಲಿ ತಲೆ ತಗ್ಗಿಸಿ ಕೂತವರು ಯಾರು ಅಂತ ಒಂದು ದಿನವೂ ನೋಡಲಿಲ್ಲ. ಮೊದಲು ಅದಕ್ಕೆ ಕ್ಷಮಿಸಿ.

ದಶಮಾಂಶದ ಲೆಕ್ಕ ಕೇಳಿದವರಿಗೆ ಯೋಹಾನನ ಸುವಾರ್ತೆಯ 9ನೇ ಅಧ್ಯಾಯ ತೋರಿಸಿ. ಹುಟ್ಟುಕುರುಡನನ್ನು ನೋಡಿ ಶಿಷ್ಯರು ಕೇಳಿದ್ದು ಇದನ್ನೇ. ಪಾಪ ಮಾಡಿದವನು ಇವನಾ, ಇವನ ಅಪ್ಪ ಅಮ್ಮನಾ? ಎರಡೂ ಅಲ್ಲ ಅಂದ ಯೇಸು. ಜನ ಓಡಾಡದ ತಿಂಗಳುಗಳಲ್ಲಿ ಬನ್ನು ಖರ್ಚಾಗಲಿಲ್ಲ, ಬಾಡಿಗೆ ಮಾತ್ರ ಏರುತ್ತಾ ಹೋಯಿತು. ನಿಮ್ಮ ಬೇಕರಿ ಮುಚ್ಚಿದ್ದು ಅದಕ್ಕೆ. ಅದರಲ್ಲಿ ಪಾಪ ಹುಡುಕುವುದು ಬೇಡ.

‘ಬೆಳೆಯುತ್ತೆ’ ಅಂದವರ ಮಾತು ಇನ್ನೂ ಕಷ್ಟದ್ದು. ಅದು ಪೂರ್ತಿ ಸುಳ್ಳಲ್ಲ, ಅದಕ್ಕೇ ಕಷ್ಟ. ನಮ್ಮ ಬಾಸೆಲ್ ಮಿಷನ್ ಮನೆಗಳಲ್ಲಿ ಜರ್ಮನ್ ಮಿಷನರಿ ಕಿಟೆಲ್ ಸಾಹೇಬರ ಕಥೆ ಕೇಳಿರುತ್ತೀರಿ. 1853ರಲ್ಲಿ ಭಾರತಕ್ಕೆ ಬಂದರು. ಹೆಂಡತಿ ಪೌಲಿನಾ 1864ರಲ್ಲಿ ತೀರಿಕೊಂಡರು. ಮಿಷನ್ನಿನವರಿಗೂ ಅವರಿಗೂ ಅಷ್ಟಾಗಿ ಸರಿಬರಲಿಲ್ಲ. ಕೊನೆಗೆ 1894ರಲ್ಲಿ ಸುಮಾರು 70,000 ಪದಗಳ ಕನ್ನಡ ನಿಘಂಟು ಮಂಗಳೂರಿನಲ್ಲಿ ಅಚ್ಚಾಯಿತು. ಪ್ರಸಂಗಕ್ಕೆ ಹೇಳಿ ಮಾಡಿಸಿದ ಕಥೆ. ನಾನೂ ಹತ್ತಾರು ಸಲ ಹೇಳಿದ್ದೇನೆ, ‘ನೋಡಿ, ದುಃಖದಿಂದ ದೇವರು ಎಂಥ ಫಲ ತೆಗೆದರು’ ಅಂತ. ಈಗ ಹಾಗೆ ಹೇಳಲು ಬಾಯಿ ಬರುವುದಿಲ್ಲ. ಪೌಲಿನಾ ಸತ್ತದ್ದು ನಿಘಂಟಿಗೋಸ್ಕರ ಅಲ್ಲ. ಆಕೆ ಬದುಕಿದ್ದರೂ ನಿಘಂಟು ಆಗುತ್ತಿತ್ತೇನೋ, ಯಾರು ಕಂಡರು? ಕಳೆದುಕೊಂಡದ್ದು ಒಂದು, ದುಡಿದು ಗಳಿಸಿದ್ದು ಇನ್ನೊಂದು. ಒಂದಕ್ಕೆ ಇನ್ನೊಂದರ ಬೆಲೆ ಕಟ್ಟಬಾರದು.

ಇದು ನನಗೆ ಗೊತ್ತಾದದ್ದು ಪುಸ್ತಕ ಓದಿ ಅಲ್ಲ. 52ನೇ ವಯಸ್ಸಿನಲ್ಲಿ ಗಂಟಲು ಕೈಕೊಟ್ಟಿತು. ಒಳಗೆ ಗಂಟು, ಆಪರೇಷನ್, ಮಾತಾಡಬಾರದು ಅಂತ ಡಾಕ್ಟರ ಆಜ್ಞೆ. ಸ್ವರ ಸರಿಹೋಗಲು ಏಳು ತಿಂಗಳು ಬೇಕಾಯಿತು. ಮಗಳ ಹಳೇ ಸ್ಲೇಟು ಇಟ್ಟುಕೊಂಡಿದ್ದೆ. ಒಂದು ರಾತ್ರಿ ಅದರಲ್ಲಿ, ‘ಪ್ರಸಂಗ ಮಾಡುವವನ ಗಂಟಲೇ ಬೇಕಿತ್ತಾ ನಿನಗೆ?’ ಅಂತ ದೇವರಿಗೆ ಬರೆದೆ. ಬೆಳಗ್ಗೆ ಹೆಂಡತಿ ನೋಡುವ ಮೊದಲು ಅಂಗೈಯಲ್ಲಿ ಒರೆಸಿದೆ. ಒಂದು ವಾರ ಬೇರೆ ಪ್ರಾರ್ಥನೆಯೇ ಮಾಡಲಿಲ್ಲ. ಈಗ ಅನ್ನಿಸುತ್ತದೆ, ಅದೇ ಪ್ರಾರ್ಥನೆಯಾಗಿತ್ತು ಅಂತ. ನಿಮಗೆ ಮಾತು ಬಾರದಿದ್ದರೆ 13ನೇ ಕೀರ್ತನೆ ತೆಗೆಯಿರಿ. ‘ಇನ್ನೂ ಎಷ್ಟು ದಿನ?’ ಅಂತಲೇ ಶುರುವಾಗುತ್ತದೆ. 88ನೆಯದು ಇನ್ನೂ ಕಪ್ಪು, ಕೊನೆಯವರೆಗೂ ಬೆಳಕೇ ಬರುವುದಿಲ್ಲ. ಅದೂ ಬೈಬಲಿನಲ್ಲೇ ಇದೆ.

ಆ ತಿಂಗಳುಗಳಲ್ಲಿ ಮನೆಭೇಟಿ ಮಾತ್ರ ಬಿಡಲಿಲ್ಲ. ಗಂಡ ತೀರಿಕೊಂಡ ಒಬ್ಬ ಅಜ್ಜಿಯ ಮನೆಗೆ ಹೋದೆ. ಹಿಂದೆ ನಾಲ್ಕು ಸಲ ಹೋಗಿದ್ದೆ. ವಾಕ್ಯ ಓದಿ, ಪ್ರಾರ್ಥನೆ ಮಾಡಿ, ಕಾಲು ಗಂಟೆಯಲ್ಲಿ ಎದ್ದಿದ್ದೆ. ಈ ಸಲ ಸುಮ್ನೆ ಕೂತೆ, ಬೇರೆ ದಾರಿಯಿರಲಿಲ್ಲ. ಅಜ್ಜಿ ಗಂಡನ ಕುಡಿತದ ಕಥೆಯನ್ನೆಲ್ಲಾ ಹೇಳಿದರು. ಎರಡನೇ ಸಲ ಚಹಾ ಇಟ್ಟರು. ಹೊರಡುವಾಗ, ‘ಅಯ್ಯನವರೇ, ನೀವು ಇಷ್ಟು ಹೊತ್ತು ಕೂತದ್ದು ಇದೇ ಮೊದಲು’ ಅಂದರು. ಬೇಕಾದರೆ ಅದನ್ನು ಬೆಳವಣಿಗೆ ಅನ್ನಿ. ನನಗೆ ಆಗ ಬರೀ ನಾಚಿಕೆಯಾಗಿತ್ತು. ಆ ಚಹಾಕ್ಕಾಗಿ ದೇವರು ನನ್ನ ಗಂಟಲು ಕಿತ್ತುಕೊಂಡರು ಅಂತ ನಾನು ನಂಬುವುದಿಲ್ಲ. ಗಂಟಲು ಕೆಟ್ಟಿತ್ತು, ಆ ಕೆಟ್ಟ ದಿನಗಳಲ್ಲೂ ಅವರು ನನ್ನ ಜೊತೆ ಇದ್ದರು, ಅಷ್ಟೇ. ಸ್ವರ ಬಂದ ಮೇಲೆ ಮತ್ತೆ ಮಾತು ಜಾಸ್ತಿಯಾಯಿತು ಅಂತ ನನ್ನ ಹೆಂಡತಿ ಸಾಕ್ಷಿ ಹೇಳುತ್ತಾಳೆ, ಅದು ಬೇರೆ ವಿಷಯ.

ಹಾಗಾಗಿ ವಿಶ್ವಾಸ ಬೆಳೆಯಿತಾ ಅಂತ ದಿನಾ ಅಳೆಯಲು ಹೋಗಬೇಡಿ. ಹಿಟ್ಟು ಉಬ್ಬಿತಾ ಅಂತ ಐದು ನಿಮಿಷಕ್ಕೊಮ್ಮೆ ಬಟ್ಟೆ ಎತ್ತಿ ನೋಡುವ ಹುಡುಗನಿಗೆ ನೀವೇ ಬೈಯುವವರಲ್ವಾ?

ಪ್ರವಾದಿ ಎಲೀಯ ಸಾಕಾಗಿ, ಸಾಯುತ್ತೇನೆ ಅಂತ ಗಿಡದ ಕೆಳಗೆ ಮಲಗಿದಾಗ ದೂತ ಬಂದು ಬುದ್ಧಿ ಹೇಳಲಿಲ್ಲ. ಕೆಂಡದ ಮೇಲೆ ಸುಟ್ಟ ರೊಟ್ಟಿ, ಒಂದು ತಂಬಿಗೆ ನೀರು ಇಟ್ಟ. ಎಲೀಯ ತಿಂದು ಮತ್ತೆ ಮಲಗಿದ. ಮತ್ತೆ ಎಬ್ಬಿಸಿ ತಿನ್ನಿಸಿದ, ‘ದಾರಿ ದೂರ ಇದೆ’ ಅಂತ. ನೀವು ಒಲೆಯ ಮುಂದೆ ಬದುಕಿದವರು, ಈ ಕಥೆ ನನಗಿಂತ ನಿಮಗೇ ಚೆನ್ನಾಗಿ ಅರ್ಥವಾಗುತ್ತದೆ. ನಾಲ್ಕಕ್ಕೆ ಏಳುವ ಮನುಷ್ಯನಿಗೆ ನಿದ್ದೆಯೂ ಬೇಕು.

ಇನ್ನು ಸಾಲ. ನಿಮ್ಮಲ್ಲಿ ಕೊರತೆ ಏನು ಅಂತ ಕೇಳಿದಿರಿ. ನನಗೆ ಕಂಡದ್ದು ಇದೊಂದೇ: ಆ ಮೊತ್ತವನ್ನು ನೀವೊಬ್ಬರೇ ಹೊತ್ತಿದ್ದೀರಿ. ಇವತ್ತು ಊಟವಾದ ಮೇಲೆ ಹೆಂಡತಿಗೆ ಹೇಳಿಬಿಡಿ. ಅವರಿಗೆ ಸಿಟ್ಟು ಬರುತ್ತದೆ, ಬರಲಿ. ಅಳಬಹುದು, ನೀವೂ ಅಳಿ. ಅದಾದ ಮೇಲೆ ಬರುವ ಕರ್ತನ ಭೋಜನದ, ಅಂದರೆ ಯೇಸುವಿನ ನೆನಪಿಗೆ ರೊಟ್ಟಿ ಹಂಚುವ ಭಾನುವಾರ ಇಬ್ಬರೂ ಹೋಗಿ. ಬೆಳೆಹಬ್ಬದ ಹಾಗೆ ಅಲ್ಲ ಅದು, ಅಲ್ಲಿ ರೊಟ್ಟಿಯನ್ನು ಯಾರೂ ಕೂಗಿ ಕೊಂಡುಕೊಳ್ಳಬೇಕಿಲ್ಲ. ಕೈ ಚಾಚಿದರೆ ಸಾಕು.

ಮಾರನೇ ದಿನ ಸೊಸೈಟಿಗೂ ಒಟ್ಟಿಗೇ ಹೋಗಿ. ಕಂತು ಸಣ್ಣದು ಮಾಡಿ, ಅವಧಿ ಹೆಚ್ಚಿಸಿ ಅಂತ ಕೇಳಿ, ಒಪ್ಪಿದರೆ ಬರಹದಲ್ಲೇ ತೆಗೆದುಕೊಳ್ಳಿ. ಹೋಗುವಾಗ ಪಾಸ್‌ಬುಕ್ ಮರೆಯಬೇಡಿ.