ಓದುಗರ ಪ್ರಶ್ನೆ: ಮನೆಯೊಳಗೊಂದು ಹವಳದ ತೊಟ್ಟಿ

ಕಡಲ ನೀರಿನ ಅಕ್ವೇರಿಯಂ ಬಗ್ಗೆ ಈ ಸಲ ಬಂದ ಪತ್ರಗಳಲ್ಲಿ ಕೆಲವನ್ನು ಆರಿಸಿ ಉತ್ತರಿಸಿದ್ದೇವೆ. ಉತ್ತರಗಳೆಲ್ಲ ಸುತ್ತಿ ಬಳಸಿ ನೀರಿಗೇ ಬಂದು ನಿಲ್ಲುತ್ತವೆ. ಹವಳ ಸಾಕುವುದೆಂದರೆ ಮುಕ್ಕಾಲು ಪಾಲು ನೀರು ಸಾಕುವುದೇ.

ಪ್ರಶ್ನೆ: ನನ್ನ ಬಳಿ 3 ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ಖಾಲಿ ಗಾಜಿನ ಟ್ಯಾಂಕ್ ಇದೆ. ಮೊದಲು ಗೋಲ್ಡ್ ಫಿಶ್ ಇತ್ತು. ಇದನ್ನೇ ಹವಳದ ಟ್ಯಾಂಕ್ ಮಾಡಬಹುದೇ? ಏನೇನು ಬೇಕು? (ಬೆಂಗಳೂರು)

ಉತ್ತರ: ಮಾಡಬಹುದು, ಅಳತೆಯೂ ಚೆನ್ನಾಗಿದೆ. ಒಟ್ಟು 180 ಲೀಟರ್ ಹಿಡಿಯುತ್ತದೆ. ಕಲ್ಲು, ಮರಳು ಕಳೆದರೆ ನಿಜವಾದ ನೀರು 150 ಲೀಟರ್. ಇದಕ್ಕಿಂತ ಚಿಕ್ಕದು ಹೊಸಬರಿಗೆ ಬೇಡ. ನೀರು ಕಡಿಮೆಯಿದ್ದಷ್ಟೂ ಉಪ್ಪು, ಉಷ್ಣತೆ ಎಲ್ಲವೂ ಬೇಗ ಏರುಪೇರಾಗುತ್ತವೆ. ಹಿಂದೆ ಮೀನಿಗೆ ತಾಮ್ರ ಇರುವ ಔಷಧ ಹಾಕಿದ್ದರೆ, ನೀರು ತುಂಬಿಸಿ ಒಂದು ವಾರ ಬಿಟ್ಟು ಕಾಪರ್ ಟೆಸ್ಟ್ ಕಿಟ್‌ನಲ್ಲಿ ನೋಡಿ. ಮೀನು ತಾಳಿಕೊಳ್ಳುವಷ್ಟು ತಾಮ್ರವನ್ನು ಹವಳ, ಸಿಗಡಿ, ಬಸವನಹುಳು ತಾಳಿಕೊಳ್ಳುವುದಿಲ್ಲ.

ಗಾಜು 10 ಮಿಮೀ ಇದ್ದರೆ ಒಳ್ಳೆಯದು. ಸ್ಟ್ಯಾಂಡು, ಕಲ್ಲು, ಕೆಳಗಿನ ಫಿಲ್ಟರ್ ತೊಟ್ಟಿ ಎಲ್ಲ ಸೇರಿ ತೂಕ 300 ಕೆಜಿ ದಾಟುತ್ತದೆ. ಸ್ಟ್ಯಾಂಡನ್ನು ರಸಮಟ್ಟ ಇಟ್ಟು ನೋಡಿ, ಗಾಜಿನಡಿ ಥರ್ಮೊಕೋಲ್ ಹಾಳೆ ಹಾಸಿ.

ಕೆಳಗೆ 60×30×35 ಸೆಂಮೀ ಅಳತೆಯ ಇನ್ನೊಂದು ತೊಟ್ಟಿ ಇಡಿ. ಸ್ಕಿಮ್ಮರ್ (ನೀರಿನ ಕೊಳೆಯನ್ನು ನೊರೆಯಾಗಿ ತೆಗೆಯುವ ಸಾಧನ), ಹೀಟರ್, ಪಂಪ್ ಎಲ್ಲ ಅದರೊಳಗಿರಲಿ. ಮೇಲಿನಿಂದ ನೀರು ಇಳಿಯಲು ಹಿಂಭಾಗದ ಗಾಜಿಗೆ ತೂತು ಕೊರೆಸಬೇಕು. ಟಫನ್ಡ್ (ಶಾಖ ಕೊಟ್ಟು ಗಟ್ಟಿಗೊಳಿಸಿದ) ಗಾಜಾದರೆ ಕೊರೆಯುವ ಮಾತೇ ಇಲ್ಲ, ಪೂರ್ತಿ ಪುಡಿಯಾಗುತ್ತದೆ. ಬಹಳ ಜನ ಎಡವುವುದು ಕರೆಂಟು ಹೋದಾಗಿನ ಲೆಕ್ಕದಲ್ಲಿ. ಪಂಪ್ ನಿಂತ ಕೂಡಲೇ ಮೇಲಿನ ಟ್ಯಾಂಕಿನಿಂದ ಸುಮಾರು 3 ಸೆಂಮೀ ನೀರು ಇಳಿಯುತ್ತದೆ. 90×45 ಸೆಂಮೀ ಟ್ಯಾಂಕಿನಲ್ಲಿ ಅದು 12 ಲೀಟರ್; ಪೈಪಿನೊಳಗಿನದೂ ಸೇರಿ 15. ಕೆಳಗಿನ ತೊಟ್ಟಿಯನ್ನು 20 ಸೆಂಮೀ ಮಟ್ಟದಲ್ಲಿ ನಡೆಸಿದರೆ 25 ಲೀಟರಿಗೂ ಹೆಚ್ಚು ಜಾಗ ಖಾಲಿ ಇರುತ್ತದೆ, ನೆಲ ಒದ್ದೆಯಾಗುವುದಿಲ್ಲ. ನೀರು ಮೇಲೇರಿಸುವ ಪೈಪಿಗೆ, ನೀರಿನ ಮಟ್ಟಕ್ಕಿಂತ 1 ಸೆಂಮೀ ಕೆಳಗೆ, ಒಂದು ಸಣ್ಣ ತೂತು ಹಾಕಿ. ಗಾಳಿ ಎಳೆದುಕೊಂಡು, ಹಿಂದಕ್ಕೆ ಇಳಿಯುವ ನೀರಿನ ಸೈಫನ್ ಅಲ್ಲೇ ಕಡಿಯುತ್ತದೆ. ಈ ತೂತಿನೊಳಗೆ ಪಾಚಿ ಬೆಳೆದು ಮುಚ್ಚಿಕೊಳ್ಳುವುದುಂಟು. ತಿಂಗಳಿಗೊಮ್ಮೆ ಕಡ್ಡಿ ಆಡಿಸಿ. ನೀರು ತುಂಬಿಸಿದ ಮೊದಲ ದಿನವೇ ಪ್ಲಗ್ ಕಿತ್ತು ಪರೀಕ್ಷೆ ಮಾಡಿ.

ಮೇಲೇರಿಸುವ ಪಂಪ್ ಗಂಟೆಗೆ 1,000 ಲೀಟರಿನದು, ಟ್ಯಾಂಕಿನೊಳಗೆ 3,000 ಲೀಟರಿನ ವೇವ್‌ಮೇಕರ್ (ನೀರನ್ನು ಕಲಕುವ ಪಂಪ್), 15 ಕೆಜಿ ಒಣಕಲ್ಲು, 3 ಸೆಂಮೀ ದಪ್ಪಕ್ಕೆ 17 ಕೆಜಿ ಅರಗೊನೈಟ್ ಮರಳು. ಕಲ್ಲನ್ನು ಮೊದಲು ಗಾಜಿನ ಮೇಲೆ ಕೂರಿಸಿ, ಆಮೇಲೆ ಮರಳು ಸುರಿಯಿರಿ. ಮರಳ ಮೇಲೆ ಕಲ್ಲಿಟ್ಟರೆ ಅಡಿಯಲ್ಲಿ ತೋಡುವ ಮೀನು ಅದನ್ನು ಉರುಳಿಸುತ್ತದೆ. ಬೋರ್ಡಿಗೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ (ಕರೆಂಟು ಸೋರಿದ ಕೂಡಲೇ ಲೈನ್ ಕಡಿಯುವ ಸ್ವಿಚ್) ಹಾಕಿಸದೆ ಯಾವ ಪ್ಲಗ್ಗನ್ನೂ ಚುಚ್ಚಬೇಡಿ. ಉಪ್ಪುನೀರು ಕರೆಂಟಿಗೆ ಒಳ್ಳೆಯ ದಾರಿ.

ಪ್ರಶ್ನೆ: ನಮ್ಮದು ಬೋರ್‌ವೆಲ್ ನೀರು, ಟಿಡಿಎಸ್ (ಕರಗಿದ ಲವಣಗಳ ಅಳತೆ) 900. ಅಡುಗೆಮನೆಯ ಆರ್‌ಓದಿಂದ ಬರುವ ನೀರು 80 ತೋರಿಸುತ್ತದೆ. ಕುಡಿಯಲು ಚೆನ್ನಾಗಿದೆ. ಇದಕ್ಕೆ ಉಪ್ಪು ಬೆರೆಸಿದರೆ ಸಾಲದೇ? (ಕೋಲಾರ)

ಉತ್ತರ: ಸಾಲದು. ಕುಡಿಯುವವರ ನಾಲಿಗೆಗೆ ಹಿಡಿಸಲೆಂದು ಮನೆಯ ಆರ್‌ಓ ಯಂತ್ರಗಳು ಶುದ್ಧವಾದ ನೀರಿಗೆ ಸ್ವಲ್ಪ ಹಸಿ ನೀರನ್ನೋ ಮಿನರಲ್ ಕಾರ್ಟ್ರಿಜ್‌ನ ಲವಣಗಳನ್ನೋ ಮತ್ತೆ ಸೇರಿಸುತ್ತವೆ. ಈಚಿನ ಕೆಲವು ಮಾದರಿಗಳು ಆರೋಗ್ಯದ ಹೆಸರಲ್ಲಿ ತಾಮ್ರವನ್ನೂ ಬಿಡುತ್ತವೆ. ಹವಳಕ್ಕೆ ಅದು ವಿಷ. ನಿಮ್ಮ ಆ 80ರಲ್ಲಿ ಇರುವುದು ಸುಣ್ಣವೋ, ನೈಟ್ರೇಟೋ, ಸಿಲಿಕಾವೋ ಎಂದು ಮೀಟರ್ ಹೇಳುವುದಿಲ್ಲ.

ಮೆಂಬ್ರೇನ್ ದಾಟಿದ ಕೂಡಲೇ, ಟಿಡಿಎಸ್ ಕಂಟ್ರೋಲರ್‌ಗೂ ಮಿನರಲ್ ಕಾರ್ಟ್ರಿಜ್‌ಗೂ ಮೊದಲು, ಒಂದು ಟಿ-ಜಾಯಿಂಟ್ ಹಾಕಿ ಬೇರೆ ಪೈಪು ತೆಗೆಯಿರಿ. ಅಲ್ಲಿ 40-50 ಬರುತ್ತದೆ. ಆ ನೀರನ್ನು ಡಿಐ ರೆಸಿನ್ (ಉಳಿದ ಲವಣಗಳನ್ನು ಹಿಡಿದಿಡುವ ಸಣ್ಣ ಮಣಿಗಳು) ತುಂಬಿದ ಕಾರ್ಟ್ರಿಜ್ ಮೂಲಕ ಹಾಯಿಸಿದರೆ ಮೀಟರ್ ಸೊನ್ನೆ ತೋರಿಸುತ್ತದೆ. ಬಣ್ಣ ಬದಲಾಯಿಸುವ ರೆಸಿನ್ ಕೊಳ್ಳಿ. ಮುಕ್ಕಾಲು ಭಾಗ ಬಣ್ಣ ತಿರುಗಿದಾಗ ಬದಲಿಸಿ. ಮೀಟರ್ ಇನ್ನೂ ಸೊನ್ನೆ ಇರುವಾಗಲೇ ಸಿಲಿಕಾ ಸೋರಲು ಶುರುವಾಗಿರುತ್ತದೆ.

20 ಲೀಟರ್ ನೀರಿಗೆ ಸುಮಾರು 750 ಗ್ರಾಂ ರೀಫ್ ಸಾಲ್ಟ್. ಮೊದಲು ನೀರು, ಅದು ಪಂಪಿನಲ್ಲಿ ಸುತ್ತುತ್ತಿರುವಾಗ ಉಪ್ಪು, ಸ್ವಲ್ಪ ಸ್ವಲ್ಪವಾಗಿ. ಉಪ್ಪಿನ ಮೇಲೆ ನೀರು ಸುರಿದರೆ ಕ್ಯಾಲ್ಸಿಯಂ ಕಾರ್ಬೊನೇಟ್ ಬಿಳಿ ಹುಡಿಯಾಗಿ ತಳ ಸೇರುತ್ತದೆ, ಮತ್ತೆ ಕರಗುವುದಿಲ್ಲ. ಒಂದು ದಿನ ಸುತ್ತಿಸಿ, ರಿಫ್ರಾಕ್ಟೋಮೀಟರಿನಲ್ಲಿ (ಉಪ್ಪಿನಂಶ ಅಳೆಯುವ ಉಪಕರಣ) 35, ಅಂದರೆ ಕೆಜಿಗೆ 35 ಗ್ರಾಂ ಲವಣ, ಬಂದ ಮೇಲೆ ಬಳಸಿ. ಮೀಟರನ್ನು ಬರಿಯ ಆರ್‌ಓ ನೀರಿನಲ್ಲಿ ಸೊನ್ನೆಗೆ ಹೊಂದಿಸಿದರಷ್ಟೇ ಸಾಲದು. 963.5 ಗ್ರಾಂ ಶುದ್ಧ ನೀರಿಗೆ 36.5 ಗ್ರಾಂ ಲ್ಯಾಬ್ ದರ್ಜೆಯ ಸೋಡಿಯಂ ಕ್ಲೋರೈಡ್ ಕರಗಿಸಿದ ದ್ರಾವಣ ಅದರಲ್ಲಿ ಸರಿಯಾಗಿ 35 ತೋರಿಸಬೇಕು. ತೋರಿಸದಿದ್ದರೆ ಸ್ಕ್ರೂ ತಿರುಗಿಸಿ.

ಪ್ರಶ್ನೆ: ಮಲ್ಪೆ ಕಡಲು ಹತ್ತು ನಿಮಿಷದ ದಾರಿ. ಉಪ್ಪಿಗೆ ದುಡ್ಡು ಸುರಿಯುವ ಬದಲು ಸಮುದ್ರದ ನೀರೇ ತರಬಹುದಲ್ಲ? ಇಲ್ಲವೇ ಕಲ್ಲುಪ್ಪು? (ಉಡುಪಿ)

ಉತ್ತರ: ಕಲ್ಲುಪ್ಪು, ಪುಡಿ ಉಪ್ಪು ಎರಡೂ ಬೇಡ. 1 ಕೆಜಿ ಕಡಲ ನೀರಿನ 35 ಗ್ರಾಂ ಲವಣದಲ್ಲಿ ಸೋಡಿಯಂ, ಕ್ಲೋರೈಡ್ ಸೇರಿ 30 ಗ್ರಾಂ. ಉಳಿದದ್ದರಲ್ಲಿ 2.7 ಗ್ರಾಂ ಸಲ್ಫೇಟ್, 1.3 ಗ್ರಾಂ ಮೆಗ್ನೀಸಿಯಂ, 0.4 ಗ್ರಾಂ ಕ್ಯಾಲ್ಸಿಯಂ, ಅಷ್ಟೇ ಪೊಟ್ಯಾಸಿಯಂ. ಹವಳಕ್ಕೆ ಬೇಕಾದ ಆ ಉಳಿದದ್ದು ಗದ್ದೆಯಲ್ಲಿ ಉಪ್ಪು ಹರಳುಗಟ್ಟುವಾಗಲೇ ಹಿಂದೆ ಬಿದ್ದುಹೋಗಿರುತ್ತದೆ.

ಸಮುದ್ರದ ನೀರು ಆದೀತು, ಆದರೆ ದಡದ್ದಲ್ಲ, ಬಂದರಿನದಂತೂ ಅಲ್ಲವೇ ಅಲ್ಲ. ಡಿಸೆಂಬರಿನಿಂದ ಏಪ್ರಿಲ್ ಒಳಗೆ, ದೋಣಿಯಲ್ಲಿ ದೂರ ಹೋಗಿ ತುಂಬಿಸಬೇಕು. ಮಳೆಗಾಲದಲ್ಲಿ ಹೊಳೆಗಳೆಲ್ಲ ಕಡಲಿಗೆ ಇಳಿದು ಕರಾವಳಿಯ ನೀರು ಸಪ್ಪೆಯಾಗುತ್ತದೆ, ಕೆಸರೂ ಗೊಬ್ಬರವೂ ಅದರ ಜೊತೆ ಬರುತ್ತವೆ. ತಂದದ್ದನ್ನು 5 ಮೈಕ್ರಾನ್ ಫಿಲ್ಟರಿನಲ್ಲಿ ಸೋಸಿ, ಮುಚ್ಚಿದ ಡ್ರಮ್ಮಿನಲ್ಲಿ ಕತ್ತಲಲ್ಲಿ, ಏರ್ ಪಂಪ್ ಹಾಕಿ ಎರಡು ವಾರ ಇಟ್ಟು ಬಳಸಿ. ಪ್ರತಿ ಸಲವೂ ಲವಣಾಂಶ ಅಳೆಯಿರಿ. ದೋಣಿ ಬಾಡಿಗೆ, ಡೀಸೆಲ್ ಲೆಕ್ಕ ಹಾಕಿದಾಗ ಪ್ಯಾಕೆಟ್ ಉಪ್ಪೇ ಅಗ್ಗ ಅನ್ನಿಸಬಹುದು.

ಪ್ರಶ್ನೆ: ಸೈಕ್ಲಿಂಗ್‌ಗೆಂದು (ಅಮೋನಿಯಾವನ್ನು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾ ಬೆಳೆಸಲು) ಒಂದು ಸಿಗಡಿ ಹಾಕಿ ಮೂರು ವಾರವಾಯಿತು. ಅಮೋನಿಯಾ ಸೊನ್ನೆ, ನೈಟ್ರೈಟ್ ಮಾತ್ರ ಇಳಿಯುತ್ತಿಲ್ಲ, ನೈಟ್ರೇಟ್ 100 ತೋರಿಸುತ್ತಿದೆ. ನೀರು ಬದಲಿಸಲೇ? (ಧಾರವಾಡ)

ಉತ್ತರ: ಏನೂ ಬದಲಿಸಬೇಡಿ. ನೈಟ್ರೈಟ್ ಇರುವಾಗ ನೈಟ್ರೇಟ್ ಕಿಟ್ ಸುಳ್ಳು ಹೇಳುತ್ತದೆ, ಆ 100ನ್ನು ಮರೆತುಬಿಡಿ. ನೈಟ್ರೈಟ್ ತಿನ್ನುವ ಬ್ಯಾಕ್ಟೀರಿಯಾ ನಿಧಾನವಾಗಿ ಬೆಳೆಯುತ್ತವೆ. ಇನ್ನೂ ಎರಡು-ಮೂರು ವಾರ ಹಿಡಿಯುವುದು ಸಹಜ. ಉಪ್ಪುನೀರಿನಲ್ಲಿ ಕ್ಲೋರೈಡ್ ಹೇರಳವಾಗಿರುವುದರಿಂದ ನೈಟ್ರೈಟ್ ಸಿಹಿನೀರಿನಲ್ಲಿದ್ದಷ್ಟು ವಿಷವೂ ಅಲ್ಲ.

ಸಿಗಡಿಯ ತೊಂದರೆಯೆಂದರೆ ಅದು ಎಷ್ಟು ಅಮೋನಿಯಾ ಬಿಟ್ಟಿತೆಂಬ ಲೆಕ್ಕ ಸಿಗುವುದಿಲ್ಲ, ವಾಸನೆ ಬೇರೆ. ಉಳಿದದ್ದನ್ನು ತೆಗೆದುಹಾಕಿ. ಲ್ಯಾಬ್ ದರ್ಜೆಯ ಅಮೋನಿಯಂ ಕ್ಲೋರೈಡ್, ಅಂದರೆ ನವಸಾಗರ, 150 ಲೀಟರಿಗೆ 0.9 ಗ್ರಾಂ ಹಾಕಿದರೆ 2 ಪಿಪಿಎಂ (ಲೀಟರಿಗೆ 2 ಮಿಲಿಗ್ರಾಂ) ಅಮೋನಿಯಾ ಆಗುತ್ತದೆ. ಕಲಾಯಿ ಹಾಕುವವರ ಹತ್ತಿರ ಸಿಗುವ ನವಸಾಗರ ಬೇಡ. ಹಾಕಿದ್ದು 24 ಗಂಟೆಯಲ್ಲಿ ಸೊನ್ನೆಗಿಳಿದು, ನೈಟ್ರೈಟೂ ಇಳಿದ ಮೇಲೆ ಕಾಲುಭಾಗ ನೀರು ಬದಲಿಸಿ ಮೊದಲ ಜೋಡಿ ಮೀನು ಬಿಡಿ. ಅಲ್ಲಿಯವರೆಗೆ ದೀಪ ಹಚ್ಚಬೇಡಿ, ಪಾಚಿಗೆ ಊಟ ಹಾಕಿದಂತಾಗುತ್ತದೆ.

ಪ್ರಶ್ನೆ: ಟ್ಯಾಂಕಿಗೆ ನಾಲ್ಕು ತಿಂಗಳು. ಮರಳು, ಕಲ್ಲಿನ ಮೇಲೆ ಕಂದು ಲೋಳೆ, ನೂಲಿನಂತೆ ಎದ್ದು ತುದಿಯಲ್ಲಿ ಗುಳ್ಳೆ. ಬೆಳಿಗ್ಗೆ ಕಡಿಮೆ, ಸಂಜೆಗೆ ಜಾಸ್ತಿ. ನೈಟ್ರೇಟ್, ಫಾಸ್ಫೇಟ್ ಎರಡೂ ಸೊನ್ನೆ. ಅಂಗಡಿಯವರು ಫಾಸ್ಫೇಟ್ ರಿಮೂವರ್ ಇನ್ನೂ ಹಾಕಿ ಅಂದರು. (ಮೈಸೂರು)

ಉತ್ತರ: ಹಾಕಬೇಡಿ, ಇರುವುದನ್ನೂ ತೆಗೆಯಿರಿ. ಲಕ್ಷಣ ನೋಡಿದರೆ ಇದು ಡೈನೋಫ್ಲಾಜೆಲೇಟ್ (ಡೈನೋ) ಎಂಬ ಏಕಕೋಶ ಜೀವಿ. ಹೊಸ ಟ್ಯಾಂಕಿನಲ್ಲಿ ಮೊದಲ ತಿಂಗಳು ಬರುವ ಡಯಾಟಮ್ ಎಂಬ ಪಾಚಿ ಕೂಡ ಕಂದೇ, ಆದರೆ ಅದು ಧೂಳಿನ ಹಾಗೆ ಕೂತಿರುತ್ತದೆ, ಒರೆಸಿದರೆ ಹೋಗುತ್ತದೆ, ಸಿಲಿಕಾ ಮುಗಿದ ಮೇಲೆ ತಾನೇ ನಿಲ್ಲುತ್ತದೆ.

ಖಚಿತಪಡಿಸಿಕೊಳ್ಳಲು ಲೋಳೆಯನ್ನು ಟ್ಯಾಂಕಿನ ನೀರಿನೊಂದಿಗೆ ಬಾಟಲಿಯಲ್ಲಿ ಜೋರಾಗಿ ಕುಲುಕಿ, ಕಾಫಿ ಫಿಲ್ಟರ್ ಪೇಪರಿನಲ್ಲಿ ಸೋಸಿ. ಕೆಳಗಿಳಿದ ತಿಳಿನೀರನ್ನು ದೀಪದ ಕೆಳಗೆ ಒಂದು ಗಂಟೆ ಇಡಿ. ಮತ್ತೆ ನೂಲು ನೂಲಾಗಿ ಕೂಡಿಕೊಂಡರೆ ಡೈನೋ. ಪೋಷಕಾಂಶ ಸೊನ್ನೆಯಾದಾಗ ಅದರ ಜಾಗಕ್ಕೆ ಸ್ಪರ್ಧಿಸುವ ಬೇರೆ ಪಾಚಿ, ಬ್ಯಾಕ್ಟೀರಿಯಾ ಹಸಿದು ಹಿಂದೆ ಸರಿಯುತ್ತವೆ, ಮೈದಾನ ಇದಕ್ಕೇ ಸಿಗುತ್ತದೆ. ಆದ್ದರಿಂದ ಮೀನಿಗೆ ಹೆಚ್ಚು ಊಟ ಹಾಕಿ, ನೈಟ್ರೇಟ್ 5-10, ಫಾಸ್ಫೇಟ್ 0.05-0.1ಕ್ಕೆ ಏರಿಸಿ ಅಲ್ಲೇ ನಿಲ್ಲಿಸಿ. ಸ್ವಲ್ಪ ದಿನ ನೀರು ಬದಲಿಸಬೇಡಿ. ಲೋಳೆಯನ್ನು ಸಂಜೆ ಸೈಫನ್‌ನಿಂದ ಎಳೆದು, ಸೋಸಿದ ನೀರನ್ನು ಟ್ಯಾಂಕಿಗೇ ಬಿಡಿ. ರಾತ್ರಿ ನೀರಿನಲ್ಲಿ ತೇಲುವ ಜಾತಿಯಾದರೆ ಯುವಿ ದೀಪವೂ ಕೆಲಸ ಮಾಡುತ್ತದೆ. ವಾರಗಟ್ಟಲೆ ಹಿಡಿಯುತ್ತದೆ. ಬಸವನಹುಳುಗಳು ಇದನ್ನು ತಿಂದು ಸಾಯುವುದುಂಟು, ಹೊಸದಾಗಿ ತಂದು ಬಿಡಬೇಡಿ.

ಪ್ರಶ್ನೆ: ಬೇಸಿಗೆಯಲ್ಲಿ ನೀರು 31 ಡಿಗ್ರಿ ಆಗುತ್ತದೆ. ಬೆಂಗಳೂರಿನ ಗೆಳೆಯ ಫ್ಯಾನ್ ಸಾಕು ಅನ್ನುತ್ತಾನೆ. ಕರೆಂಟು ಹೋದರೆ ಏನು ಮಾಡುವುದು? (ಮಂಗಳೂರು)

ಉತ್ತರ: ಅವರ ಊರಿನಲ್ಲಿ ಅದು ನಿಜ. ಒಣಗಾಳಿಯಲ್ಲಿ ನೀರು ಆವಿಯಾಗಿ 2-3 ಡಿಗ್ರಿ ಇಳಿಯುತ್ತದೆ. ನಿಮ್ಮಲ್ಲಿ ಗಾಳಿಯೇ ನೀರು ಕುಡಿದು ಕೂತಿರುತ್ತದೆ, ಆವಿ ಹೋಗುವುದೆಲ್ಲಿಗೆ? 1/10 ಎಚ್‌ಪಿ ಚಿಲ್ಲರ್ ಬೇಕು, 26 ಡಿಗ್ರಿಗೆ ಹೊಂದಿಸಿ. ಅದನ್ನು ಸ್ಟ್ಯಾಂಡಿನ ಕಪಾಟಿನೊಳಗೆ ತುರುಕಬೇಡಿ, ತಾನು ಬಿಟ್ಟ ಬಿಸಿಗಾಳಿಯನ್ನೇ ಮತ್ತೆ ಎಳೆದುಕೊಳ್ಳುತ್ತದೆ. ಆವಿಯಾದ ನೀರಿಗೆ ಬದಲಾಗಿ ಸಿಹಿಯಾದ ಆರ್‌ಓ-ಡಿಐ ನೀರನ್ನೇ ಸೇರಿಸಬೇಕು. ಉಪ್ಪು ಆವಿಯಾಗುವುದಿಲ್ಲ.

ಕರೆಂಟು ಹೋದಾಗ ಮೊದಲು ಕಾಡುವುದು ಆಮ್ಲಜನಕದ ಕೊರತೆ, ಬಿಸಿ ಆಮೇಲೆ. ಇನ್ವರ್ಟರಿಗೆ ವೇವ್‌ಮೇಕರ್ ಒಂದನ್ನು ಮಾತ್ರ ಜೋಡಿಸಿ, ನೀರಿನ ಮೇಲ್ಮೈ ಕಲಕುವಂತೆ ಮುಖ ಮೇಲೆ ಮಾಡಿ. 10-20 ವಾಟ್ ಅಷ್ಟೇ. ಇನ್ವರ್ಟರ್ ಇಲ್ಲದಿದ್ದರೆ ಬ್ಯಾಟರಿ ಏರ್ ಪಂಪ್.

ಪ್ರಶ್ನೆ: ಕೆಎಚ್ (ನೀರಿನ ಕ್ಷಾರೀಯತೆ, ಅಳೆಯುವುದು ಡಿಕೆಎಚ್‌ನಲ್ಲಿ) 6.5ಕ್ಕೆ ಇಳಿದಿದೆ. ಸುಣ್ಣದ ತಿಳಿ ಹಾಕುತ್ತಾರಂತೆ, ಎಲೆಗೆ ಹಚ್ಚುವ ಸುಣ್ಣ ಆಗುತ್ತದೆಯೇ? ಟ್ಯಾಂಕ್ 150 ಲೀಟರ್, ಮೆತ್ತನೆಯ ಹವಳಗಳು ಮಾತ್ರ. (ಶಿವಮೊಗ್ಗ)

ಉತ್ತರ: ಎಲೆ ಸುಣ್ಣ ಬೇಡ, ಅದರಲ್ಲಿ ಇನ್ನೇನು ಬೆರೆತಿದೆಯೋ ತಿಳಿಯುವುದಿಲ್ಲ. ಲ್ಯಾಬ್ ದರ್ಜೆಯ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಲೀಟರಿಗೆ 1.5 ಗ್ರಾಂ ಕಲಸಿ, ತಿಳಿಯನ್ನು ಹನಿಹನಿಯಾಗಿ ಬಿಡುವ ಪದ್ಧತಿ ಉಂಟು. ಆದರೆ ಅದರ 2 ಲೀಟರ್ ನಿಮ್ಮ ಟ್ಯಾಂಕಿಗೆ ಒಂದೇ ದಿನದಲ್ಲಿ 1.5 ಡಿಕೆಎಚ್ ಸೇರಿಸುತ್ತದೆ. ಮೆತ್ತನೆಯ ಹವಳಗಳಿಗೆ ಅಷ್ಟೆಲ್ಲ ಬೇಕಿಲ್ಲ.

ಅಡುಗೆ ಸೋಡಾ ಸಾಕು. 100 ಲೀಟರಿಗೆ 3 ಗ್ರಾಂ ಹಾಕಿದರೆ 1 ಡಿಕೆಎಚ್ ಏರುತ್ತದೆ. 8ಕ್ಕೆ ತರಲು ನಿಮಗೆ ಸುಮಾರು 7 ಗ್ರಾಂ. ಆರ್‌ಓ-ಡಿಐ ನೀರಿನಲ್ಲಿ ಕರಗಿಸಿ ಎರಡು ದಿನಕ್ಕೆ ಹಂಚಿ, ವೇವ್‌ಮೇಕರ್ ಮುಂದೆ ಸುರಿಯಿರಿ. ಬೇಕಿಂಗ್ ಪೌಡರ್ ಬೇರೆ ಪದಾರ್ಥ, ಅದು ಬೇಡ. ಆಮೇಲೆ ವಾರಕ್ಕೆ ಶೇ 10 ನೀರು ಬದಲಿಸುತ್ತಿದ್ದರೆ ಸಾಮಾನ್ಯವಾಗಿ ಮತ್ತೆ ಇಳಿಯುವುದಿಲ್ಲ.

ಪ್ರಶ್ನೆ: ನೇತ್ರಾಣಿಗೆ ಡೈವಿಂಗ್ ಹೋಗುವವರಿದ್ದೇವೆ. ಸತ್ತ ಹವಳದ ತುಂಡೊಂದನ್ನು ತಂದು ಟ್ಯಾಂಕಿನಲ್ಲಿ ಇಡಬಹುದೇ? (ಭಟ್ಕಳ)

ಉತ್ತರ: ಇಲ್ಲ. 2001ರಿಂದ ಹವಳಗಳು ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಅನುಸೂಚಿಯಲ್ಲಿವೆ, ಹುಲಿ ಇರುವ ಪಟ್ಟಿಯೇ ಅದು. ಸತ್ತ ತುಂಡಿಗೂ ಇದು ಅನ್ವಯ. ಕಡಲ ಕುದುರೆಯೂ ಇದರಲ್ಲಿ ಸೇರಿದೆ. ವಿದೇಶದಿಂದ ಬಂದ ಗಟ್ಟಿ ಹವಳಗಳೆಲ್ಲ ಸೈಟಿಸ್ (ಅಳಿವಿನಂಚಿನ ಜೀವಿಗಳ ವ್ಯಾಪಾರ ಕುರಿತ ಅಂತರರಾಷ್ಟ್ರೀಯ ಒಪ್ಪಂದ) ಎರಡನೇ ಅನುಬಂಧದವು. 2022ರ ತಿದ್ದುಪಡಿಯ ನಂತರ ಇಂಥ ಜೀವಂತ ಪ್ರಾಣಿಗಳನ್ನು ಇಟ್ಟುಕೊಂಡವರು ನೋಂದಾಯಿಸಬೇಕು. ಆಮದಿನ ಕಾಗದಪತ್ರ ತೋರಿಸದ ಅಂಗಡಿಯಲ್ಲಿ ಕೊಳ್ಳಬೇಡಿ. ಕಲ್ಲಿಗೆ ಸೆರಾಮಿಕ್ ರಾಕ್ ತನ್ನಿ. ಮೀನಿಗೆ, ತೊಟ್ಟಿಯಲ್ಲೇ ಮರಿ ಮಾಡಿಸಿದ ಕ್ಲೌನ್ ಫಿಶ್ ಕೇಳಿ. ಅದರ ಸಂತಾನಾಭಿವೃದ್ಧಿ ತಂತ್ರಜ್ಞಾನವನ್ನು ಕೇಂದ್ರೀಯ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆ ನಮ್ಮಲ್ಲೇ ರೂಪಿಸಿದೆ. ಅವು ಪೆಲೆಟ್ ತಿನ್ನುವುದನ್ನು ಕಲಿತೇ ಬಂದಿರುತ್ತವೆ.

ಪ್ರಶ್ನೆ: ಕಲ್ಲಿನ ತುಂಬ ಬೇಡದ ಕಂದು ಝೋಆಂಥಿಡ್ (ಹವಳದ ಹತ್ತಿರದ ಸಂಬಂಧಿ) ಹಬ್ಬಿದೆ. ಕಲ್ಲನ್ನು ಕುದಿಸಿ, ಬ್ರಷ್ ಹಾಕಿ ಉಜ್ಜಲೇ? (ಹುಬ್ಬಳ್ಳಿ)

ಉತ್ತರ: ಖಂಡಿತ ಬೇಡ. ಕೆಲವು ಝೋಆಂಥಿಡ್‌ಗಳಲ್ಲಿ ಪ್ಯಾಲಿಟಾಕ್ಸಿನ್ ಎಂಬ ಉಗ್ರ ವಿಷವಿದೆ. ಕುದಿಯುವ ಶಾಖಕ್ಕೆ ಅದು ನಾಶವಾಗುವುದಿಲ್ಲ, ಆವಿಯ ಜೊತೆ ಗಾಳಿಗೆ ಬರುತ್ತದೆ. ಹೀಗೆ ಕಲ್ಲು ಕುದಿಸಿ ಇಡೀ ಮನೆಯವರು ಆಸ್ಪತ್ರೆ ಸೇರಿದ ಪ್ರಕರಣಗಳು ವಿದೇಶಗಳಲ್ಲಿ ದಾಖಲಾಗಿವೆ. ಕೈಗವಸು, ಕಣ್ಣಿಗೆ ಗಾಗಲ್ ಹಾಕಿಕೊಂಡು ಕಲ್ಲನ್ನು ಇಡಿಯಾಗಿ ತೆಗೆದು ಹೊರಗೆ ಅಂಗಳದಲ್ಲಿ, ಒಂದು ಪಾಲು ಬ್ಲೀಚ್ ದ್ರಾವಣಕ್ಕೆ ಒಂಬತ್ತು ಪಾಲು ನೀರು ಬೆರೆಸಿದ ಬಕೆಟ್ಟಿನಲ್ಲಿ ಮುಳುಗಿಸಿ, ಮುಚ್ಚಿ, ಒಂದು ದಿನ ಬಿಡಿ. ಉಜ್ಜುವುದಿದ್ದರೆ ಆಮೇಲೆ, ನೀರಿನೊಳಗೇ. ಬ್ಲೀಚಿಗೆ ವಿನೆಗರ್, ಆಸಿಡ್ ಸೇರಿಸಬಾರದು. ಈ ಕೆಲಸದ ಬಳಿಕ ಬಾಯಿ ಕಹಿ, ಚಳಿಜ್ವರ, ಕೆಮ್ಮು, ಉಸಿರುಗಟ್ಟಿದಂತಾದರೆ ತಡಮಾಡದೆ ಆಸ್ಪತ್ರೆಗೆ ಹೋಗಿ, ಪ್ಯಾಲಿಟಾಕ್ಸಿನ್ ಎಂಬ ಹೆಸರನ್ನು ವೈದ್ಯರಿಗೆ ಬರೆದುಕೊಡಿ.