ಕೊಟ್ಟ ದರ 0.3, ಅಳೆದದ್ದು 0.242: ಉಳಿದ ಪ್ಯಾಕೆಟ್‌ಗಳು ಎಲ್ಲಿ ಹೋದವು?

ಪ್ರಶ್ನೆ: 8×8 ಮೆಶ್ ನೆಟ್‌ವರ್ಕ್‌ಗೆ (ನೋಡ್‌ಗಳನ್ನು ಜಾಲರಿಯಂತೆ ಅಕ್ಕಪಕ್ಕ ಜೋಡಿಸಿದ ಜಾಲ) ನಾನೇ ಒಂದು ಸಿಮ್ಯುಲೇಟರ್ ಬರೆದಿದ್ದೇನೆ. 64 ನೋಡ್‌ಗಳು, ಪ್ಯಾಕೆಟ್‌ಗೆ 5 ಫ್ಲಿಟ್ (ಒಂದೊಂದಾಗಿ ಸಾಗುವ ಪ್ಯಾಕೆಟ್‌ನ ತುಣುಕುಗಳು), ಯಾವ ನೋಡ್‌ಗೆ ಹೋಗಬೇಕೆಂಬುದೂ ಯಾದೃಚ್ಛಿಕ. ಪ್ರತಿ ನೋಡ್ ಸೈಕಲ್‌ಗೆ 0.1 ಫ್ಲಿಟ್ ಕಳಿಸಲಿ ಎಂದು ದರ ಕೊಟ್ಟರೆ, 10,000 ಸೈಕಲ್‌ಗಳಲ್ಲಿ ಒಳಹೊಕ್ಕ ಫ್ಲಿಟ್‌ಗಳ ಸರಾಸರಿ 0.093 ಬರುತ್ತದೆ. 0.3 ಕೊಟ್ಟರೆ 0.242, 0.6 ಕೊಟ್ಟರೆ 0.40. ಇದು ಯಾದೃಚ್ಛಿಕತೆಯ ಏರುಪೇರೇ? ಇನ್ನಷ್ಟು ಸೈಕಲ್ ಓಡಿಸಿದರೆ ಸರಿಹೋಗುತ್ತದೆಯೇ?

ಉತ್ತರ: ಹತ್ತು ಪಟ್ಟು ಓಡಿಸಿದರೂ ಸರಿಹೋಗದು. ಯಾದೃಚ್ಛಿಕ ಏರುಪೇರಾಗಿದ್ದರೆ ಅಳತೆ ಒಮ್ಮೆ ಮೇಲೆ, ಒಮ್ಮೆ ಕೆಳಗೆ ಬರಬೇಕಿತ್ತು. ನಿಮ್ಮ ಮೂರು ಅಂಕಿಗಳೂ ಕೆಳಗೇ ಇವೆ. ದರ ಏರಿದಂತೆ ಕೊರತೆಯೂ ಏರಿದೆ.

ಏರುಪೇರು ಎಷ್ಟಿರಬಹುದು ಎಂಬುದನ್ನು ಮೊದಲು ಲೆಕ್ಕ ಹಾಕಿಬಿಡೋಣ. 0.3 ಫ್ಲಿಟ್ ಎಂದರೆ 0.06 ಪ್ಯಾಕೆಟ್. ಅಂದರೆ ಪ್ರತಿ ನೋಡ್ ಪ್ರತಿ ಸೈಕಲ್‌ನಲ್ಲಿ ಗೆಲ್ಲುವ ಸಂಭವ 0.06 ಇರುವ ನಾಣ್ಯ ಚಿಮ್ಮುತ್ತದೆ, ಇದೇ ಬರ್ನೌಲಿ ಪ್ರಕ್ರಿಯೆ. 64 ನೋಡ್, 10,000 ಸೈಕಲ್ ಸೇರಿ 6,40,000 ಚಿಮ್ಮುಗಳು. ನಿರೀಕ್ಷಿತ ಪ್ಯಾಕೆಟ್‌ಗಳು 38,400. ಇದರ ಮಾನಕ ವಿಚಲನೆ (ಸರಾಸರಿಯಿಂದ ಸಾಮಾನ್ಯವಾಗಿ ಆಗುವ ಏರುಪೇರು), 6,40,000 × 0.06 × 0.94 ಇದರ ವರ್ಗಮೂಲ, ಸುಮಾರು 190. ಫ್ಲಿಟ್ ದರಕ್ಕೆ ತಂದರೆ 0.0015 ಆಯಿತು. ನಿಮ್ಮ ಕೊರತೆ 0.058, ಅದರ ಸುಮಾರು 39 ಪಟ್ಟು. ಇದನ್ನು ಅದೃಷ್ಟದ ತಲೆಗೆ ಕಟ್ಟಲಾಗದು.

ಬಿಡಿ ನೋಡ್‌ಗಳ ಲೆಕ್ಕ ಬೇರೆ. ಒಂದು ನೋಡ್‌ಗೆ 600 ಪ್ಯಾಕೆಟ್ ನಿರೀಕ್ಷೆಯಾದರೆ ವಿಚಲನೆ ಸುಮಾರು 24. ಆದ್ದರಿಂದ ಒಂದು ನೋಡ್ 0.28, ಇನ್ನೊಂದು 0.32 ತೋರಿಸಿದರೆ ಗಾಬರಿ ಬೇಡ. 64 ನೋಡ್‌ಗಳಲ್ಲಿ ಮೂರು ಎರಡು ವಿಚಲನೆಗಳಾಚೆ ಬೀಳುವುದೂ ಸಹಜವೇ.

ಹಾಗಾದರೆ ಪ್ಯಾಕೆಟ್‌ಗಳು ಹೋದದ್ದೆಲ್ಲಿ? ನನ್ನ ಅನುಮಾನ ಹೀಗಿದೆ: ಹಿಂದಿನ ಪ್ಯಾಕೆಟ್‌ನ ಐದು ಫ್ಲಿಟ್‌ಗಳು ಒಳಹೋಗುವವರೆಗೆ ನಿಮ್ಮ ನೋಡ್ ನಾಣ್ಯವನ್ನೇ ಚಿಮ್ಮುತ್ತಿಲ್ಲ. ಸಂಭವ 0.06 ಇದ್ದರೆ ಎರಡು ಗೆಲುವುಗಳ ನಡುವೆ ಸರಾಸರಿ 16.67 ಸೈಕಲ್. ಮೊದಲ ಫ್ಲಿಟ್ ಗೆದ್ದ ಸೈಕಲ್‌ನಲ್ಲೇ ಹೋದರೆ, ಉಳಿದ ನಾಲ್ಕಕ್ಕಾಗಿ ಕಾಯುವ 4 ಸೈಕಲ್ ಅದಕ್ಕೆ ಸೇರಿ 20.67. ಐದನ್ನು ಇದರಿಂದ ಭಾಗಿಸಿ: 0.242. ಇದೇ ಲೆಕ್ಕ 0.1ಕ್ಕೆ ಮಾಡಿದರೆ 5 ಭಾಗ 54, ಅಂದರೆ 0.093. 0.6ಕ್ಕೆ 0.405 ಬರುತ್ತದೆ, ನಿಮ್ಮ 0.40ರಲ್ಲಿ ನೆಟ್‌ವರ್ಕ್‌ನ ತಡೆಯೂ ತುಸು ಸೇರಿರಬಹುದು. ಮೂರಕ್ಕೆ ಮೂರೂ ಹೊಂದುವುದರಿಂದ ಕೋಡ್‌ನಲ್ಲಿ ‘ಮೂಲ (ಪ್ಯಾಕೆಟ್ ಕಳಿಸುವ ನೋಡ್) ಖಾಲಿ ಇದ್ದರೆ ಮಾತ್ರ’ ಎಂಬ ಷರತ್ತನ್ನೇ ಮೊದಲು ಹುಡುಕಿ.

ಇದು ಬರೀ ಅಂಕಿ ತಿದ್ದುವ ಮಾತಲ್ಲ. ಪ್ಯಾಕೆಟ್ ಹುಟ್ಟುವುದು ನೆಟ್‌ವರ್ಕ್‌ನ ಸ್ಥಿತಿಯನ್ನು ಅವಲಂಬಿಸಿದರೆ, ದಟ್ಟಣೆಯಾದಾಗ ಹೊರೆ ತಾನಾಗಿಯೇ ಇಳಿಯುತ್ತದೆ. ಆಗ ಎಂಥ ಕೆಟ್ಟ ರೌಟರ್ (ಪ್ಯಾಕೆಟ್‌ಗಳನ್ನು ಮುಂದಿನ ಲಿಂಕ್‌ಗೆ ದಾಟಿಸುವ ಘಟಕ) ಆದರೂ ಚೆನ್ನಾಗಿ ಕೆಲಸ ಮಾಡುವಂತೆ ಕಾಣುತ್ತದೆ, ವಿಳಂಬದ ಗ್ರಾಫ್ ಮೇಲೇಳುವುದೇ ಇಲ್ಲ. ದರ ಸರಿಹೋಗಲೆಂದು ಸಂಭವವನ್ನೇ ಕೊಂಚ ಹೆಚ್ಚಿಸುವ ಉಪಾಯ ಬೇಡ. ಸರಾಸರಿ ಹೊಂದೀತು, ಆದರೆ ಪ್ಯಾಕೆಟ್‌ಗಳು ಒಂದರ ಬೆನ್ನಿಗೊಂದು ಹುಟ್ಟುವ ಸಂದರ್ಭವೇ ಇಲ್ಲವಾಗುತ್ತದೆ. ಕ್ಯೂ ಬೆಳೆಯುವುದು ಅಂಥ ಹೊತ್ತಿನಲ್ಲೇ.

ಸರಿಯಾದ ದಾರಿ ಇದು: ಪ್ರತಿ ಸೈಕಲ್‌ನಲ್ಲೂ, ಏನೇ ಆಗಲಿ, ನಾಣ್ಯ ಚಿಮ್ಮಿ. ಗೆದ್ದರೆ ಪ್ಯಾಕೆಟ್‌ಗೆ ಹುಟ್ಟಿದ ಸೈಕಲ್‌ನ ಮುದ್ರೆ ಒತ್ತಿ, ಮಿತಿಯಿಲ್ಲದ ಮೂಲ ಕ್ಯೂಗೆ ಸೇರಿಸಿ. ಮೆಮೊರಿ ಚಿಂತೆಯಿದ್ದರೆ ಚಿಮ್ಮುವ ಗಡಿಯಾರವನ್ನು ನೋಡ್‌ವಾರು ಹಿಂದೆ ಬಿಟ್ಟು, ಮೂಲ ಬಿಡುವಾದಾಗ ಹಿಂದಿನ ಸೈಕಲ್‌ಗಳ ನಾಣ್ಯ ಚಿಮ್ಮುತ್ತ ಬರಬಹುದು. ಬುಕ್‌ಸಿಮ್ ಎಂಬ ನೆಟ್‌ವರ್ಕ್ ಸಿಮ್ಯುಲೇಟರ್ ಮಾಡುವುದು ಹಾಗೆಯೇ. ವಿಳಂಬವನ್ನು ಹುಟ್ಟಿದ ಸೈಕಲ್‌ನಿಂದಲೇ ಎಣಿಸಿ, ನೆಟ್‌ವರ್ಕ್ ಹೊಕ್ಕ ಸೈಕಲ್‌ನಿಂದ ಅಲ್ಲ. ದರವನ್ನು ಮಾತ್ರ ಮೂರು ಕಡೆ ಬೇರೆಬೇರೆಯಾಗಿ ಅಳೆಯಿರಿ: ಹುಟ್ಟಿದ್ದು, ಒಳಹೊಕ್ಕದ್ದು, ತಲುಪಿದ್ದು. ಹುಟ್ಟಿದ ದರ ಮೇಲಿನ 0.0015ರ ಲೆಕ್ಕಕ್ಕೆ ಯಾವಾಗಲೂ ಹೊಂದಬೇಕು; ಹೊಂದದಿದ್ದರೆ ದೋಷ ನಿಮ್ಮ ಕೋಡ್‌ನದು, ನೆಟ್‌ವರ್ಕ್‌ನದಲ್ಲ.

ಇಷ್ಟು ತಿದ್ದಿದ ಮೇಲೆ 0.6ರಲ್ಲಿ ತಲುಪಿದ ದರ 0.6 ಆಗುತ್ತದೆಂದು ಕಾಯಬೇಡಿ. ಏಕರೂಪ ಯಾದೃಚ್ಛಿಕ ಸಂಚಾರದಲ್ಲಿ ಸುಮಾರು ಅರ್ಧ ಪ್ಯಾಕೆಟ್‌ಗಳು ಮೆಶ್‌ನ ನಡುಗೆರೆ ದಾಟುತ್ತವೆ, ಪ್ರತಿ ದಿಕ್ಕಿಗೆ ನಾಲ್ಕನೇ ಒಂದು ಪಾಲು. ಅಲ್ಲಿ ದಿಕ್ಕಿಗೆ 8 ಲಿಂಕ್‌ಗಳಷ್ಟೇ ಇರುವುದರಿಂದ, ಲಿಂಕ್‌ಗೆ ಸೈಕಲ್‌ಗೊಂದು ಫ್ಲಿಟ್ ಎಂದರೆ, ನೋಡ್‌ಗೆ ಸುಮಾರು 0.5ಕ್ಕಿಂತ ಹೆಚ್ಚು ಹೊರೆಯನ್ನು ಯಾವ ರೌಟರ್‌ನಿಂದಲೂ ಸಾಗಿಸಲಾಗದು. ವಾಸ್ತವದ ರೌಟರ್ ಇದಕ್ಕೂ ಮೊದಲೇ ಸುಸ್ತಾಗುತ್ತದೆ. ಆ ಮಿತಿಯಾಚೆ ಮೂಲ ಕ್ಯೂ ಬೆಳೆಯುತ್ತಲೇ ಹೋಗುವುದರಿಂದ ಸರಾಸರಿ ವಿಳಂಬ ಎಂಬುದಕ್ಕೆ ಅರ್ಥವಿಲ್ಲ. ಹೆಚ್ಚು ಓಡಿಸಿದಷ್ಟೂ ಹೆಚ್ಚು ಬರುತ್ತದೆ. ಅಲ್ಲಿ ತಲುಪಿದ ದರವನ್ನು ಮಾತ್ರ ವರದಿ ಮಾಡಿ.

ಒಂದು ಪಕ್ಕದ ಮಾತು. ಎಲ್ಲ ನೋಡ್‌ಗಳಿಗೂ ಒಂದೇ ಸೀಡ್ (ಯಾದೃಚ್ಛಿಕ ಸಂಖ್ಯೆಗಳ ಸರಣಿಯನ್ನು ಶುರುಮಾಡುವ ಸಂಖ್ಯೆ) ಕೊಟ್ಟ ಕೋಡ್‌ಗಳು ಇರುತ್ತವೆ. ಆಗ ದೀರ್ಘ ಓಟದಲ್ಲಿ ಸರಾಸರಿ ಸರಿಯಾಗಿಯೇ ಬರುತ್ತದೆ, ಆದರೆ 64 ನೋಡ್‌ಗಳೂ ಒಟ್ಟಿಗೆ ಗೆಲ್ಲುತ್ತವೆ. ಪ್ರತಿ ಸೈಕಲ್‌ನಲ್ಲಿ ಹುಟ್ಟಿದ ಪ್ಯಾಕೆಟ್ ಎಣಿಸಿ ನೋಡಿ: 0.06ಕ್ಕೆ ಸರಾಸರಿ 3.84, ವ್ಯತ್ಯಯ (ಮಾನಕ ವಿಚಲನೆಯ ವರ್ಗ) 3.6 ಇರಬೇಕು. ಸೊನ್ನೆ ಅಥವಾ 64 ಮಾತ್ರ ಕಂಡರೆ ಕಾರಣ ಗೊತ್ತಾಯಿತು.

ಇನ್ನು ಎಷ್ಟು ಸೈಕಲ್ ಓಡಿಸಬೇಕೆಂಬುದು. ದರದ ಅಳತೆಗೆ 10,000 ಸಾಕು, ವಿಳಂಬಕ್ಕೆ ಸಾಲದಿರಬಹುದು; ಅಕ್ಕಪಕ್ಕದ ಪ್ಯಾಕೆಟ್‌ಗಳು ಒಂದೇ ದಟ್ಟಣೆಯಲ್ಲಿ ಸಿಕ್ಕಿಕೊಳ್ಳುವುದರಿಂದ ಅವು ಸ್ವತಂತ್ರ ಮಾದರಿಗಳಲ್ಲ. ಖಾಲಿ ನೆಟ್‌ವರ್ಕ್‌ನ ಆರಂಭಿಕ ಸೈಕಲ್‌ಗಳನ್ನು ಲೆಕ್ಕದಿಂದ ಬಿಟ್ಟು, ಆಮೇಲಿನ ಅವಧಿಯಲ್ಲಿ ಹುಟ್ಟಿದ ಪ್ಯಾಕೆಟ್‌ಗಳಿಗೆ ಗುರುತು ಹಾಕಿ, ಕೊನೆಯ ಗುರುತಿನ ಪ್ಯಾಕೆಟ್ ತಲುಪುವವರೆಗೂ ಗುರುತಿಲ್ಲದ ಪ್ಯಾಕೆಟ್‌ಗಳನ್ನು ಅದೇ ದರದಲ್ಲಿ ಹುಟ್ಟಿಸುತ್ತಿರಿ. ಹಾಗೆ ಮಾಡದೆ ಓಟವನ್ನು ನಡುವೆಯೇ ನಿಲ್ಲಿಸಿದರೆ, ಇನ್ನೂ ದಾರಿಯಲ್ಲಿರುವ ತೀರಾ ನಿಧಾನದ ಪ್ಯಾಕೆಟ್‌ಗಳೇ ಲೆಕ್ಕದಿಂದ ಬಿಟ್ಟುಹೋಗುತ್ತವೆ.