ಹಾಟ್ ರಾಡ್ ಬಿಡಿಭಾಗ: ಮೊದಲು ರಟ್ಟು, ಆಮೇಲೆ ತಗಡು

ಸರ್, ನೀವು ಕೇಳಿದ್ದು ಇಷ್ಟು ಅಲ್ವಾ? ಮೂಡಿಗೆರೆ ಹತ್ತಿರದ ನಿಮ್ಮ ತೋಟದಲ್ಲಿ ಹಳೆಯ ಎಂಎಂ 540 ಜೀಪಿನ ಚಾಸಿ, ಇಂಜಿನ್ ಇವೆ. ಬಾಡಿ ತುಕ್ಕು ಹಿಡಿದು ಹೋಗಿದೆ. ಅದನ್ನು ಹಾಟ್ ರಾಡ್, ಅಂದರೆ ತೂಕ ಇಳಿಸಿ ನಮ್ಮಿಷ್ಟದಂತೆ ಮತ್ತೆ ಕಟ್ಟಿದ ಹಳೆಯ ಗಾಡಿ, ಮಾಡಬೇಕು. ಡ್ಯಾಶ್‌ಬೋರ್ಡ್, ಬ್ಯಾಟರಿ ಟ್ರೇ, ರೇಡಿಯೇಟರ್ ಬ್ರಾಕೆಟ್, ಬಾನೆಟ್ ಮೇಲಿನ ಸ್ಕೂಪ್ (ಗಾಳಿ ಒಳಗೆ ಹೋಗುವ ಉಬ್ಬು ಬಾಯಿ) ಯಾವುದೂ ರೆಡಿ ಸಿಗುತ್ತಿಲ್ಲ. ಸ್ಟೀರಿಂಗ್ ರಾಡನ್ನೂ ಉದ್ದ ಮಾಡಬೇಕು. ಕೈಯಲ್ಲಿರುವುದು ವೈಸ್, ಗ್ರೈಂಡರ್, ಡ್ರಿಲ್, ಒಂದು ಸಣ್ಣ ವೆಲ್ಡಿಂಗ್ ಸೆಟ್.

ಸ್ಟೀರಿಂಗ್ ಮಾತು ಮೊದಲೇ ಮುಗಿಸಿಬಿಡುತ್ತೇನೆ. ರಾಡ್ ಕತ್ತರಿಸಿ ಮಧ್ಯೆ ತುಂಡು ಸೇರಿಸಿ ವೆಲ್ಡ್ ಮಾಡಬೇಡಿ. ಚಕ್ರಗಳನ್ನು ಸ್ಟೀರಿಂಗಿಗೆ ಜೋಡಿಸುವ ಟೈ ರಾಡ್, ಬ್ರೇಕ್ ಪೆಡಲ್, ಬ್ರೇಕ್ ಪೈಪು ಕೂಡ ಹಾಗೇ. ಎಷ್ಟೋ ಜನ ಬ್ರೇಕ್‌ಗೆ ತಾಮ್ರದ ಪೈಪು ಹಾಕುತ್ತಾರೆ, ಬಗ್ಗಿಸಲು ಸುಲಭ ಅಂತ. ಅದು ಅಲುಗಾಡಿ ಅಲುಗಾಡಿ ಗಟ್ಟಿಯಾಗಿ ಸೀಳುತ್ತದೆ. ಬ್ರೇಕ್‌ಗೆಂದೇ ಬರುವ ಸ್ಟೀಲಿನ ‘ಬಂಡಿ’ (Bundy) ಪೈಪೇ ಹಾಕಿ, ತುದಿಗೆ ಡಬಲ್ ಫ್ಲೇರ್, ಅಂದರೆ ಬಾಯಿ ಅಗಲಿಸಿ ಎರಡು ಪದರ ಮಡಿಕೆ, ಮಾಡಿಸಿ. ಜೀಪಿನ ಸ್ಟೀರಿಂಗ್ ಸಾಮಾನು ಗುಜರಿಯಲ್ಲಿ, ಬೆಂಗಳೂರಿನ ಜೆ.ಸಿ. ರೋಡಿನಲ್ಲಿ ಹುಡುಕಿದರೆ ಸಿಗುತ್ತದೆ. ಸೀಟನ್ನು ಮುಂದೆ ತಂದರೆ ರಾಡ್ ಉದ್ದ ಮಾಡುವ ಅಗತ್ಯವೇ ಬರದೆ ಇರಬಹುದು, ಅದನ್ನು ಮೊದಲು ನೋಡಿ. ಉಳಿದದ್ದನ್ನೆಲ್ಲ ಕೈಯಲ್ಲಿ ಮಾಡಬಹುದು.

ರೆಡಿ ಸಿಗುತ್ತಿಲ್ಲ ಅಂತ ಬೇಜಾರು ಬೇಡ. 1930ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಹುಡುಗರು ಹಳೆಯ ಫೋರ್ಡ್ ಗಾಡಿಗಳ ಮಡ್‌ಗಾರ್ಡ್ ಬಿಚ್ಚಿ, ತೂಕ ಇಳಿಸಿ, ಬತ್ತಿದ ಕೆರೆ ಬಯಲಿನಲ್ಲಿ ಓಡಿಸುತ್ತಿದ್ದ ಕಾಲದಲ್ಲಿ ಹೆಚ್ಚಿನ ಸಾಮಾನು ಗುಜರಿಯದ್ದು, ಇಲ್ಲವೇ ಕೈಯಲ್ಲಿ ಮಾಡಿದ್ದು.

ಈಗ ಕೆಲಸಕ್ಕೆ ಬರೋಣ. ಕೈಯಲ್ಲಿ ಮಾಡುವ ಯಾವ ಭಾಗವೂ ಕೆಡುವುದು ತಗಡಿನಲ್ಲಿ ಅಲ್ಲ, ಅಳತೆಯಲ್ಲಿ. ಆದ್ದರಿಂದ ರಟ್ಟಿನಲ್ಲಿ ಪೂರ್ತಿ ಮಾಡಿ ಮುಗಿಸದೆ ಗ್ರೈಂಡರ್ ಮುಟ್ಟಬೇಡಿ. ಫ್ರಿಜ್ ಬಾಕ್ಸಿನ ದಪ್ಪ ರಟ್ಟು ಬೇಡ. ಅದು 3–4 ಮಿ.ಮೀ. ಇರುತ್ತದೆ, ಮಡಿಸಿದ ಕಡೆ ಅಳತೆ ತಪ್ಪುತ್ತದೆ. ಸ್ವೀಟ್ ಬಾಕ್ಸ್, ಶರ್ಟ್ ಬಾಕ್ಸಿನ ತೆಳು ರಟ್ಟು ಸರಿಯಾಗುತ್ತದೆ. ಮಾಸ್ಕಿಂಗ್ ಟೇಪಿನಲ್ಲಿ ಜಾಗದಲ್ಲೇ ಅಂಟಿಸಿ. ಮುಂದು, ಹಿಂದು, ಎಡ, ಬಲ ಅಂತ ರಟ್ಟಿನ ಮೇಲೆ ಬರೆಯಿರಿ. ಬರೆಯದಿದ್ದರೆ ತಗಡು ತಿರುವುಮುರುವಾಗಿ ಕತ್ತರಿಸಿ ಹೋಗುತ್ತದೆ.

ರಟ್ಟು ಕೂತಿತು ಅಂದ ಕೂಡಲೇ ತೆಗೆಯಬೇಡಿ. ಬಾನೆಟ್ ಮುಚ್ಚಿ ನೋಡಿ. ಬೋಲ್ಟಿಗೆ ಸ್ಪ್ಯಾನರ್ ಹಾಕಿ ತಿರುಗಿಸಲು ಜಾಗ ಇದೆಯಾ ನೋಡಿ. ಇಂಜಿನ್ ಸ್ಟಾರ್ಟ್ ಮಾಡಿ ಆಫ್ ಮಾಡಿ. ಡೀಸೆಲ್ ಇಂಜಿನ್ ಆಫ್ ಆಗುವಾಗ ರಬ್ಬರ್ ಮೌಂಟಿನ ಮೇಲೆ ಒಮ್ಮೆ ಜೋರಾಗಿ ಕುಲುಕುತ್ತದಲ್ಲ, ಆಗ ರಟ್ಟಿಗೆ ತಾಗಿದರೆ ಎಣ್ಣೆ ಗುರುತು ಬೀಳುತ್ತದೆ. ಆ ಗುರುತೇ ನಿಮ್ಮ ಅಳತೆ. ಫ್ಯಾನಿಗೂ ರೇಡಿಯೇಟರಿಗೂ ನಡುವೆ ಕನಿಷ್ಠ 25 ಮಿ.ಮೀ. ಬಿಡಿ. ಈ ಪರೀಕ್ಷೆ ಮಾಡುವಾಗ ರಟ್ಟು ಫ್ಯಾನಿಗೆ ಸಿಗದ ಹಾಗೆ ಬಿಗಿಯಾಗಿ ಕಟ್ಟಿರಿ, ಕೈ ದೂರ ಇರಲಿ.

ಡ್ಯಾಶ್‌ಬೋರ್ಡಿಗೆ 18 ಗೇಜ್ ಸಿ.ಆರ್. (ಕೋಲ್ಡ್ ರೋಲ್ಡ್, ಲೇಪನವಿಲ್ಲದ ನಯ ಉಕ್ಕಿನ) ಶೀಟ್, ಅಂದರೆ ಸುಮಾರು 1.2 ಮಿ.ಮೀ. ಸಾಕು. ಬ್ಯಾಟರಿ ಟ್ರೇಗೆ 2 ಮಿ.ಮೀ. ರೇಡಿಯೇಟರ್ ಬ್ರಾಕೆಟ್‌ಗೆ 3 ಮಿ.ಮೀ. ಪಟ್ಟಿ. ಸತುವಿನ ಲೇಪನ ಇರುವ ಜಿ.ಐ. ಶೀಟ್ ಬೇಡ, ವೆಲ್ಡ್ ಮಾಡಿದರೆ ಸತುವಿನ ಹೊಗೆ ಬಂದು ಚಳಿಜ್ವರ ಹಿಡಿಸುತ್ತದೆ.

ಬಗ್ಗಿಸಲು ಮಷೀನೇ ಬೇಕು ಅಂತಿಲ್ಲ. 50 ಮಿ.ಮೀ. ಆ್ಯಂಗಲ್ ಎರಡು ತುಂಡು ತೆಗೆದುಕೊಂಡು, ನಡುವೆ ತಗಡು ಇಟ್ಟು ವೈಸಿಗೆ ಬಿಗಿಯಿರಿ. ಎರಡು ತುದಿಗೂ ಸಿ ಕ್ಲ್ಯಾಂಪ್ ಹಾಕಿ. ಸುತ್ತಿಗೆಯಲ್ಲಿ ನೇರ ಹೊಡೆಯಬೇಡಿ. ಮರದ ತುಂಡು ಇಟ್ಟು ಹೊಡೆಯಿರಿ, ಇಲ್ಲ ಕೊಡತಿ ಉಪಯೋಗಿಸಿ. ಒಂದೇ ಕಡೆ ಪೂರ್ತಿ ಬಗ್ಗಿಸದೆ, ಈ ತುದಿಯಿಂದ ಆ ತುದಿಗೆ ಸ್ವಲ್ಪ ಸ್ವಲ್ಪವೇ ಬಗ್ಗಿಸುತ್ತಾ ಹೋಗಿ. ಅಳತೆಯಲ್ಲಿ ಒಂದು ವಿಷಯ ಬಿಟ್ಟುಹೋಗುತ್ತದೆ: 3 ಮಿ.ಮೀ. ಪಟ್ಟಿಯಲ್ಲಿ ಹೊರ ಅಳತೆ 40 ಮತ್ತು 60 ಮಿ.ಮೀ. ಇರುವ ಎಲ್ ಬೇಕಾದರೆ 100 ಕತ್ತರಿಸಬಾರದು, ಸುಮಾರು 95 ಕತ್ತರಿಸಬೇಕು. ಪ್ರತಿ 90 ಡಿಗ್ರಿ ಮಡಿಕೆಗೆ ದಪ್ಪದ ಒಂದೂವರೆಯಿಂದ ಎರಡು ಪಟ್ಟು ಕಳೆಯಬೇಕು. ಮೊದಲು ಒಂದು ವೇಸ್ಟ್ ಪಟ್ಟಿ ಬಗ್ಗಿಸಿ ಅಳೆದರೆ ನಿಮ್ಮ ವೈಸಿನ ಲೆಕ್ಕ ಗೊತ್ತಾಗುತ್ತದೆ.

ಡ್ಯಾಶ್‌ಬೋರ್ಡಿನಷ್ಟು ಉದ್ದದ ಮಡಿಕೆ ವೈಸಿನಲ್ಲಿ ನೇರ ಬರಲ್ಲ. ಅದಕ್ಕೆ ಸ್ಟೀಲ್ ಬೀರು ಮಾಡುವ ಅಂಗಡಿಗೆ ಹೋಗಿ. ಅವರ ಹತ್ತಿರ ಬೆಂಡಿಂಗ್ ಮಷೀನ್ ಇರುತ್ತದೆ. ರಟ್ಟಿನ ಮಾದರಿ, ಗೆರೆ ಹಾಕಿದ ತಗಡು ಎರಡನ್ನೂ ಕೊಡಿ. ಬಾಯಲ್ಲಿ ವಿವರಿಸಲು ಹೋಗಬೇಡಿ. ಮೀಟರಿನ ತೂತುಗಳನ್ನು ಮಡಿಸುವ ಮುಂಚೆಯೇ, ತಗಡು ಚಪ್ಪಟೆ ಇರುವಾಗಲೇ ಹಾಕಿ. ಹಿಂದೆ ಹಲಗೆ ಕ್ಲ್ಯಾಂಪ್ ಮಾಡಿ, ಹೋಲ್ ಸಾ ನಿಧಾನಕ್ಕೆ ತಿರುಗಿಸಿ, ಅಂಚನ್ನು ಅರ ಹಾಕಿ ಉಜ್ಜಿ. ಸಣ್ಣ ಗೇಜುಗಳು ಹೆಚ್ಚಾಗಿ 52 ಮಿ.ಮೀ. ಇರುತ್ತವೆ. ಆದರೂ ಗೇಜ್ ಕೈಗೆ ಬಂದ ಮೇಲೆ ಅಳೆದೇ ತೂತು ಮಾಡಿ.

ಸ್ಕೂಪ್ ಮಜಾ ಇರುವ ಕೆಲಸ. 1.5 ಮಿ.ಮೀ. ಮೆತ್ತನೆ ಅಲ್ಯೂಮಿನಿಯಂ ಶೀಟ್ ತನ್ನಿ. ಹಳೆಯ ಮರದ ದಿಮ್ಮಿಯಲ್ಲಿ ಉಳಿ ಹಾಕಿ ಬೋಗುಣಿ ಆಕಾರದ ಹಳ್ಳ ತೆಗೆಯಿರಿ. ಶೀಟ್ ಗಟ್ಟಿ ಅನಿಸಿದರೆ ಕಾಯಿಸಬೇಕು. ಇಲ್ಲೇ ಜನ ಕೆಡಿಸಿಕೊಳ್ಳುವುದು: ಅಲ್ಯೂಮಿನಿಯಂ ಕಬ್ಬಿಣದ ಹಾಗೆ ಕೆಂಪಾಗಿ ಕಾಣಿಸಲ್ಲ. 660 ಡಿಗ್ರಿಯಲ್ಲಿ ಸುಮ್ನೆ ಕುಸಿದುಬಿಡುತ್ತದೆ. ಅದಕ್ಕೆ ಬಟ್ಟೆ ಸೋಪು ಒಣಗಿದ್ದನ್ನು ಶೀಟಿನ ಮೇಲೆ ಗೀಚಿ. ಹಿಂಬದಿಯಿಂದ ಜ್ವಾಲೆಯನ್ನು ಒಂದೇ ಕಡೆ ನಿಲ್ಲಿಸದೆ ಆಡಿಸಿ. ಸೋಪಿನ ಗೆರೆ ಕಂದು ಬಣ್ಣಕ್ಕೆ ತಿರುಗಿ ಕಪ್ಪಾದ ಕೂಡಲೇ ಜ್ವಾಲೆ ತೆಗೆಯಿರಿ. ಬಿಸಿಲಿನಲ್ಲಿ ಆ ಬಣ್ಣ ಗೊತ್ತಾಗಲ್ಲ, ನೆರಳಿನಲ್ಲಿ ಮಾಡಿ. ತಣ್ಣಗಾದ ಮೇಲೆ ದಿಮ್ಮಿಯ ಹಳ್ಳದ ಮೇಲಿಟ್ಟು ಕೊಡತಿಯಲ್ಲಿ ತಟ್ಟಿ. ಅಂಚಿನಲ್ಲಿ ನೆರಿಗೆ ಬಂದರೆ ಆಗಲೇ ತಟ್ಟಿ ಇಳಿಸಿ, ಮಡಿಚಿಕೊಳ್ಳಲು ಬಿಡಬೇಡಿ. ಕೊಡತಿಯ ಸದ್ದು ಮಂದದಿಂದ ಟಣ್ ಟಣ್ ಅಂತ ಬದಲಾದರೆ ಶೀಟ್ ಗಟ್ಟಿಯಾಗಿದೆ ಅಂತ. ಮತ್ತೆ ಸೋಪು, ಮತ್ತೆ ಬೆಂಕಿ.

ವೆಲ್ಡಿಂಗ್: 1.2 ಮಿ.ಮೀ. ಶೀಟಿಗೆ ರಾಡ್ ವೆಲ್ಡಿಂಗ್ ಮಾಡಿದರೆ ತೂತಾಗುತ್ತದೆ. ಸಿಒ2 ಮಷೀನ್ (ಗ್ಯಾಸಿನ ರಕ್ಷಣೆಯಲ್ಲಿ ತೆಳು ವೈರ್ ಕರಗಿಸುವ ವೆಲ್ಡಿಂಗ್ ಮಷೀನ್) ಇರುವವರ ಹತ್ತಿರ, 0.8 ಮಿ.ಮೀ. ವೈರಿನಲ್ಲಿ ಮಾಡಿಸಿ. ಉದ್ದಕ್ಕೆ ಎಳೆಯಬಾರದು. ದೂರ ದೂರ ಚುಕ್ಕೆ ಹಾಕಿ, ಆರಲು ಬಿಟ್ಟು, ನಡುವೆ ತುಂಬಬೇಕು. ಗಾಡಿಯ ಮೇಲೇ ವೆಲ್ಡ್ ಮಾಡುವಾಗ ಬ್ಯಾಟರಿ, ಆಲ್ಟರ್ನೇಟರ್ ವೈರ್ ಬಿಚ್ಚಿಡಿ. ರೇಡಿಯೇಟರ್, ಬ್ಯಾಟರಿ ಹಿಡಿಯುವ ಬೋಲ್ಟುಗಳ ತಲೆಯ ಮೇಲೆ 8.8 ಅಂತ ಇರಲಿ, ಅದು ಬೋಲ್ಟಿನ ಗಟ್ಟಿತನದ ಗುರುತು.

ನಮ್ಮ ಕಡೆಯ ಮಳೆ ಗೊತ್ತಲ್ಲ. ಜೂನ್ ಬಂದ ಮೇಲೆ ಸಿ.ಆರ್. ಶೀಟ್ ಬರಿಮೈಯಲ್ಲಿ ಒಂದು ರಾತ್ರಿ ಇಟ್ಟರೆ ಬೆಳಗ್ಗೆ ಕೆಂಪಾಗಿರುತ್ತದೆ. ಉಜ್ಜಿದ ದಿನವೇ ಥಿನ್ನರಿನಲ್ಲಿ ಒರೆಸಿ ಪ್ರೈಮರ್ ಹೊಡೆಯಿರಿ. ಬ್ಯಾಟರಿ ಟ್ರೇಯ ನಾಲ್ಕು ಮೂಲೆಗೂ ನೀರಿಳಿಯಲು ತೂತು ಇರಲಿ. ಬಾಕ್ಸ್ ಪೈಪಿನ ಎರಡೂ ಬಾಯಿ ಮುಚ್ಚುವುದಾದರೆ ಪೂರ್ತಿ ಸೀಲ್ ಆಗಬೇಕು, ಇಲ್ಲವೇ ತಳಕ್ಕೆ ತೂತು ಬೇಕು. ಅರ್ಧಂಬರ್ಧ ಮಾಡಿದರೆ ಒಳಗಿಂದ ಕೊಳೆಯುತ್ತದೆ.

ಇನ್ನೊಂದು ಮಾತು. ಇದು ತೋಟದೊಳಗೆ ಮಾತ್ರ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ವಿವರಕ್ಕಿಂತ ಬೇರೆಯಾಗಿ ಗಾಡಿ ಬದಲಾಯಿಸುವಂತಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಹೇಳಿದೆ. ಆರ್‌ಸಿ ಇದೆ ಅಂತ ಚಿಕ್ಕಮಗಳೂರು ಪೇಟೆಗೆ ತರಬೇಡಿ.

ರೇಡಿಯೇಟರ್ ಬ್ರಾಕೆಟ್ ಬಗ್ಗೆ ಇನ್ನೂ ಖಚಿತವಾಗಿ ಹೇಳಲು ಒಂದು ವಿಷಯ ಬೇಕು: ಜೀಪಿನ ಹಳೆಯ ರೇಡಿಯೇಟರೇ ಹಾಕುತ್ತೀರಾ, ಬೇರೆ ಗಾಡಿಯದ್ದಾ? ಕೆಳಗಿನ ಮೌಂಟಿನ ಫೋಟೋ, ಪಕ್ಕದಲ್ಲಿ ಟೇಪ್ ಹಿಡಿದು ಹಾಕಿ. ನೋಡಿ ಹೇಳುತ್ತೇನೆ.